ಹಾಡು ಬೇರೆ, ಹಾಡುವ ಯಂತ್ರ ಬೇರೆ

ಕಿಸೆಯಲ್ಲಿ ಇಟ್ಟುಕೊಂಡು ಸಂಗೀತ ಕೇಳುವ ಯಂತ್ರವನ್ನು ಕೊಳ್ಳಲು ಹೋದವರು ಸಾಮಾನ್ಯವಾಗಿ ಅದರ ಧ್ವನಿ, ಬ್ಯಾಟರಿ, ಬೆಲೆಗಳನ್ನು ವಿಚಾರಿಸುತ್ತಾರೆ. ನಾನು ಮೊದಲು ಅದರ ಅಂಚನ್ನು ನೋಡುತ್ತೇನೆ. ಅಲ್ಲಿ ಮೆಮೊರಿ ಕಾರ್ಡ್ ಹಾಕುವ ಸ್ಲಾಟ್ ಇದ್ದರೆ ಮಾತ್ರ ಉಳಿದ ಪ್ರಶ್ನೆಗಳನ್ನು ಕೇಳುತ್ತೇನೆ. ಸ್ಲಾಟ್ ಇಲ್ಲದ ಪ್ಲೇಯರಿನಲ್ಲಿ ಹಾಡಿಗೂ ಯಂತ್ರಕ್ಕೂ ಒಂದೇ ಆಯುಷ್ಯ. ಬ್ಯಾಟರಿ ಉಬ್ಬಿತೋ, ಪರದೆ ಒಡೆಯಿತೋ, ಒಳಗೆ ತುಂಬಿಟ್ಟ ಸಂಗೀತವೂ ಅದರ ಜೊತೆಗೇ ಹೋಯಿತು. ಸ್ಲಾಟ್ ಇದ್ದಲ್ಲಿ ಯಂತ್ರ ಕೆಟ್ಟ ದಿನವೇ ಕಾರ್ಡನ್ನು ಉಗುರಿನಿಂದ ಒತ್ತಿ ಹೊರತೆಗೆದು ಇನ್ನೊಂದಕ್ಕೆ ಹಾಕಬಹುದು. ಹಾಡು ಯಾರದೋ ಅವರಲ್ಲೇ ಉಳಿಯುತ್ತದೆ. ಒಂದೇ ರಾಗವನ್ನು ಒಂದು ಗಂಟೆ ಕುಳಿತು ಕೇಳುವುದು ಸಹಜವೆಂದು ತಿಳಿದ ಮನೆಗಳು ಇನ್ನೂ ಇರುವ ಧಾರವಾಡದಂಥ ಊರಿನಲ್ಲಿ ಈ ವ್ಯತ್ಯಾಸವನ್ನು ನಾನು ಬಹಳ ದೊಡ್ಡದೆಂದು ಭಾವಿಸುತ್ತೇನೆ.

ಈ ಬಗೆಯ ಯಂತ್ರಗಳು ಹುಟ್ಟಿದ ವರ್ಷದಲ್ಲೇ ಸ್ಲಾಟ್ ಕೂಡ ಹುಟ್ಟಿತ್ತು. 1998ರಲ್ಲಿ ಕೊರಿಯಾದ ಸೇಹಾನ್ ಕಂಪನಿ ಎಂಪಿಮ್ಯಾನ್ ಎಂಬ ಪ್ಲೇಯರನ್ನು ಮಾರುಕಟ್ಟೆಗೆ ತಂದಾಗ ಅದರೊಳಗಿನ ಜಾಗ 32 ಎಂಬಿ. ಅದೇ ವರ್ಷ ಅಮೆರಿಕದ ಡೈಮಂಡ್ ಮಲ್ಟಿಮೀಡಿಯಾ ಕಂಪನಿಯ ರಿಯೊ ಪಿಎಂಪಿ300 ಬಂತು. ಅದಕ್ಕೂ ಒಳಗೆ 32 ಎಂಬಿ, ಆದರೆ ಜೊತೆಗೆ ಸ್ಮಾರ್ಟ್‌ಮೀಡಿಯಾ ಕಾರ್ಡ್ ಹಾಕಿ ಜಾಗವನ್ನು ಹೆಚ್ಚಿಸಿಕೊಳ್ಳುವ ಅನುಕೂಲವಿತ್ತು. ಸೆಕೆಂಡಿಗೆ 128 ಕಿಲೊಬಿಟ್ ದರದ ಎಂಪಿ3 ಫೈಲು ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಎಂಬಿ ತಿನ್ನುತ್ತದೆ. ಹೀಗಾಗಿ 32 ಎಂಬಿ ಎಂದರೆ ಅರ್ಧ ಗಂಟೆ. ಸಿನಿಮಾ ಹಾಡು ಏಳೆಂಟು ಹಿಡಿದಾವು, ನಿಧಾನವಾಗಿ ಬೆಳೆಯುವ ಒಂದು ಬಡಾ ಖ್ಯಾಲ್ ಗಾಯನ ಪೂರ್ತಿ ಹಿಡಿಯುವುದು ಅನುಮಾನ. ಅಮೆರಿಕದ ಧ್ವನಿಮುದ್ರಣ ಕಂಪನಿಗಳ ಸಂಘ ಈ ರಿಯೊ ಯಂತ್ರದ ಮೇಲೆ ದಾವೆ ಹೂಡಿತು. 1999ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಡೈಮಂಡ್ ಪರವಾಗಿ ತೀರ್ಪು ಕೊಟ್ಟಿತು. ಕೇಳುಗನು ತನ್ನ ಕಂಪ್ಯೂಟರಿನಲ್ಲಿರುವ ಹಾಡನ್ನು ತನ್ನ ಕಿಸೆಯ ಯಂತ್ರಕ್ಕೆ ಸಾಗಿಸಿಕೊಳ್ಳುವುದು ಸ್ವಂತ ಬಳಕೆಯೇ ಎಂಬ ಆ ತೀರ್ಪಿನ ನೆಲೆಯ ಮೇಲೆಯೇ ಮುಂದಿನ ಎಲ್ಲ ಪ್ಲೇಯರುಗಳೂ ನಿಂತವು. 2001ರಲ್ಲಿ 5 ಜಿಬಿ ಹಾರ್ಡ್ ಡಿಸ್ಕ್ ಹೊತ್ತು ಬಂದ ಐಪಾಡ್ ಮಾತ್ರ ಬೇರೆ ದಾರಿ ಹಿಡಿಯಿತು. ಅಂದಿನಿಂದ 2022ರಲ್ಲಿ ನಿಲ್ಲುವವರೆಗೆ ಅದಕ್ಕೆ ಕಾರ್ಡ್ ಸ್ಲಾಟ್ ಬರಲೇ ಇಲ್ಲ. ನಂತರದ ಫೋನುಗಳಲ್ಲಿ ಗೆದ್ದದ್ದು ಈ ದಾರಿಯೇ. ಗೆದ್ದದ್ದೆಲ್ಲ ನಮ್ಮ ಸಂಗೀತಕ್ಕೆ ಒಪ್ಪುತ್ತದೆ ಎಂದೇನೂ ಇಲ್ಲ.

ನಮ್ಮ ಸಂಗೀತ ಎಂದು ನಾನು ಹೇಳುವುದು ಈ ನೆಲದಲ್ಲಿ ಬೇರುಬಿಟ್ಟ ಹಿಂದೂಸ್ತಾನಿ ಗಾಯನವನ್ನು. ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರಾದ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು ಮತ್ತು ಗದಗ ಸೀಮೆಯ ಭೀಮಸೇನ ಜೋಶಿಯವರು, ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು, ಪಂಚಾಕ್ಷರಿ ಗವಾಯಿಗಳ ಬಳಿ ಕಲಿತ ಬಸವರಾಜ ರಾಜಗುರುಗಳು, ಇವರೆಲ್ಲ ಹಾಡಿದ್ದು ಕೂತು ಕೇಳುವ ಜನಕ್ಕೆ. ಆದರೆ ಯಂತ್ರಗಳು ಅವರನ್ನು ಯಾವಾಗಲೂ ಕತ್ತರಿಸಿಯೇ ಹಿಡಿದವು. 78 ಸುತ್ತಿನ ತಟ್ಟೆಯ ಒಂದು ಮಗ್ಗುಲು ಮೂರು, ಮೂರೂವರೆ ನಿಮಿಷಕ್ಕೆ ಮುಗಿಯುತ್ತಿತ್ತು. ರಾಗವನ್ನು ಬಿಡಿಸುವ ಆಲಾಪ, ಸಾಹಿತ್ಯವಿರುವ ಬಂದಿಶ್, ವೇಗದ ತಾನ ಎಲ್ಲವನ್ನೂ ಅಷ್ಟರೊಳಗೆ ಅಡಗಿಸುವ ಕಲೆಯನ್ನೇ ಆ ಕಾಲದ ಗಾಯಕರು ಕಲಿಯಬೇಕಾಯಿತು. ಎಲ್‌ಪಿ ತಟ್ಟೆ ಬಂದಾಗ ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ತುಸು ಹೆಚ್ಚು ಸಿಕ್ಕಿತು. 90 ನಿಮಿಷದ ಕ್ಯಾಸೆಟ್ಟಿನಲ್ಲಿ ಮಗ್ಗುಲಿಗೆ 45 ನಿಮಿಷ. ಧಾರವಾಡದ ಆಕಾಶವಾಣಿ 1950ರಿಂದ ಈ ಭಾಗದ ಗಾಯಕರನ್ನು ಮನೆಮನೆಗೆ ಮುಟ್ಟಿಸಿತು. 1952ರಲ್ಲಿ ಶುರುವಾದ ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಇಡೀ ದೇಶದ ಗಾಯಕರನ್ನು ಇಲ್ಲಿಗೆ ತಂದಿತು. ಟೇಪ್ ರೆಕಾರ್ಡರ್ ಮನೆಗೆ ಬಂದ ಮೇಲೆ ಜನ ರೇಡಿಯೊದ ಮುಂದೆ ಕುಳಿತು ಅದನ್ನೆಲ್ಲ ತುಂಬಿಕೊಂಡರು. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಹಳೆಯ ಮನೆಗಳ ಕಪಾಟುಗಳಲ್ಲಿ ಇಂದಿಗೂ ಇರುವ ನಿಜವಾದ ಸಂಗ್ರಹ ಅದು. ಅಂಗಡಿಯಲ್ಲಿ ಎಂದೂ ಮಾರಾಟಕ್ಕೆ ಬಾರದ್ದರಿಂದ ಯಾವ ಸ್ಟ್ರೀಮಿಂಗ್ ಆ್ಯಪಿನಲ್ಲೂ ಅದು ಸಿಗುವುದಿಲ್ಲ.

ಗದಗಿನಲ್ಲಿರುವ ನಮ್ಮ ಸೋದರಮಾವನ ಮನೆಯಲ್ಲಿ ಅಂಥ ಒಂದು ಕಪಾಟಿದೆ. ಅದರಲ್ಲಿನ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸವನ್ನು ನಾನು ರಜೆಯಲ್ಲಿ ಸ್ವಲ್ಪಸ್ವಲ್ಪವಾಗಿ ಮಾಡುತ್ತ ಬಂದಿದ್ದೇನೆ. ಇದನ್ನು ಅವಸರದಿಂದ ಮಾಡಲು ಬರುವುದಿಲ್ಲ. 90 ನಿಮಿಷದ ಟೇಪನ್ನು ಇಳಿಸಲು 90 ನಿಮಿಷವೇ ಬೇಕು. ಅದಕ್ಕೆ ಮೊದಲು ಡೆಕ್ಕಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು, ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಓಡಿಸಿ ಸಡಿಲ ಮಾಡಿಕೊಳ್ಳಬೇಕು, ಧ್ವನಿಯ ಮಟ್ಟವನ್ನು ತಾರಸಪ್ತಕದ, ಅಂದರೆ ಎತ್ತರದ ಸ್ವರಗಳ, ಜಾಗದಲ್ಲಿ ಪರೀಕ್ಷಿಸಿ ಇಡಬೇಕು. ಇಲ್ಲವಾದರೆ ಗಾಯಕರು ಮೇಲೇರಿದಾಗ ದನಿ ಒಡೆಯುತ್ತದೆ. ಮಾಮಾ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂಡುತ್ತಾನೆ. ಒಂದು ಕಡೆ ಟಕ್ ಎಂದು ಸದ್ದಾಗಿ ರಾಗ ಜಿಗಿದಾಗ ಅವನು ಕೈಯೆತ್ತಿ, "ಇಲ್ಲೇ ನೋಡು, ನಾ ಕ್ಯಾಸೆಟ್ ತಿರುವಿ ಹಾಕೂದರಾಗ ಅವರು ಮ್ಯಾಲಿನ ಷಡ್ಜಕ್ಕ ಹೋಗಿಬಿಟ್ಟಿದ್ರು. ಅದೊಂದು ಕೈಯಾಗಿಂದ ಜಾರಿ ಹೋತು," ಎಂದ. ಎಷ್ಟೋ ವರ್ಷದ ಹಿಂದಿನ ರಾತ್ರಿಯೊಂದರ ಆ ಕೆಲವು ಕ್ಷಣಗಳ ಕೊರತೆ ಅವನಿಗೆ ಇನ್ನೂ ಲೆಕ್ಕದಲ್ಲಿದೆ.

ಇಳಿಸಿದ್ದನ್ನು ಅವನು ಕೇಳುವುದು ಕಂಪ್ಯೂಟರಿನಲ್ಲಲ್ಲ. ಸಂತೆಯಲ್ಲೂ ಸಿಗುವಂಥ, ಅಂಗೈಗಿಂತ ತುಸು ದೊಡ್ಡದಾದ ಸ್ಪೀಕರ್ ಪ್ಲೇಯರೊಂದು ಅವನ ಬಳಿ ಇದೆ. ಮುಂದೆ ಜಾಲರಿ, ಕೆಂಪು ಅಂಕಿಗಳ ಸಣ್ಣ ಕಿಟಕಿ, ಕೆಳಗೆ ಸೊನ್ನೆಯಿಂದ ಒಂಬತ್ತರವರೆಗೆ ಗುಂಡಿಗಳು, ಹಿಂದೆ ಹಳೆಯ ನೋಕಿಯಾ ಫೋನುಗಳಲ್ಲಿದ್ದ ಬಿಎಲ್-5ಸಿ ಬ್ಯಾಟರಿ. ಬ್ಯಾಟರಿ ಸತ್ತರೆ ಯಾವ ಮೊಬೈಲ್ ಅಂಗಡಿಯಲ್ಲಾದರೂ ಹೊಸದು ಸಿಗುತ್ತದೆ, ಸ್ಕ್ರೂ ಬಿಚ್ಚುವ ಕೆಲಸವೂ ಇಲ್ಲ. ಪಕ್ಕದ ಸ್ಲಾಟಿನ ಮೇಲೆ ಟಿಎಫ್ ಎಂಬ ಎರಡು ಅಕ್ಷರಗಳಿವೆ. ಅದು 2004ರಲ್ಲಿ ಬಂದ ಟ್ರಾನ್ಸ್‌ಫ್ಲ್ಯಾಶ್ ಕಾರ್ಡಿನ ಹೆಸರು. ಮರುವರ್ಷವೇ ಆ ಕಾರ್ಡ್ ಮೈಕ್ರೊಎಸ್‌ಡಿ ಆಯಿತಾದರೂ ಇಂಥ ಯಂತ್ರಗಳ ಮೈಮೇಲೆ ಹಳೆಯ ಹೆಸರೇ ಅಚ್ಚಾಗುತ್ತಿದೆ. ಫೈಲುಗಳಿಗೆ ಗಾಯಕರ ಹೆಸರು, ರಾಗದ ಹೆಸರು ಬರೆದುಕೊಡಲು ನಾನು ಹೊರಟಾಗ ಮಾಮಾ ತಡೆದ. "ಹೆಸರು ಬರದ್ರ ಇದರಾಗ ಕಾಣೂದಿಲ್ಲೋ ತಮ್ಮಾ, ನಂಬರ ಹಾಕಿ ಕೊಡು. ಉಳಿದದ್ದು ನಾ ಬರಕೊಳ್ತೀನಿ." ಈಗ ಅವನ ಹತ್ತಿರ ನೂರು ಹಾಳೆಯ ಒಂದು ನೋಟ್‌ಬುಕ್ ಇದೆ. ಪ್ರತಿ ಸಾಲಿನಲ್ಲಿ ಸಂಖ್ಯೆ, ಗಾಯಕರು, ರಾಗ, ತಬಲಾ ಯಾರದು, ರೇಡಿಯೊದಿಂದ ತೆಗೆದದ್ದೋ ಬೈಠಕ್ಕಿನಲ್ಲಿ (ಸಣ್ಣ ಸಂಗೀತ ಕೂಟದಲ್ಲಿ) ತೆಗೆದದ್ದೋ, ತಿಳಿದಿದ್ದರೆ ವರ್ಷ. ಕೊನೆಯ ಅಂಕಣದಲ್ಲಿ ಅವನ ಅಭಿಪ್ರಾಯ, ಉದಾಹರಣೆಗೆ "ದ್ರುತ ಭಾಳ ಚಲೋ" ಎಂದೋ "ಗಂಟಲು ಸರಿ ಇರಲಿಲ್ಲ" ಎಂದೋ. ಕತ್ತಲಲ್ಲಿ ಕೂಡ ಒಂದು, ಏಳು ಎಂದು ಗುಂಡಿ ಒತ್ತಿದರೆ ಮನ್ಸೂರರ ಹಾಡು ಶುರುವಾಗುತ್ತದೆ.

ಆ ನೋಟ್‌ಬುಕ್ಕನ್ನು ನೋಡಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಪ್ಲೇಯರುಗಳಲ್ಲಿ ಹಾಡಿನ ಮಾಹಿತಿಯನ್ನು ಬರೆದಿಡುವ ಟ್ಯಾಗ್ ಎಂಬ ವ್ಯವಸ್ಥೆ ಆಲ್ಬಮ್, ಕಲಾವಿದ, ಹಾಡಿನ ಹೆಸರು ಎಂಬ ಮೂರು ಕಂಬಗಳ ಮೇಲೆ ನಿಂತಿದೆ. ಬೈಠಕ್ಕಿನ ಧ್ವನಿಮುದ್ರಣಕ್ಕೆ ಆಲ್ಬಮ್ ಎಂಬುದೇ ಇಲ್ಲ. ಹಾಡಿನ ಹೆಸರಿನ ಜಾಗದಲ್ಲಿ ರಾಗವನ್ನು ಬರೆಯುವುದೋ ಬಂದಿಶಿನ ಮೊದಲ ಸಾಲನ್ನೋ ಎಂಬುದಕ್ಕೆ ನಿಯಮವಿಲ್ಲ. ಹೊತ್ತಿಗೆ ಜಾಗವೇ ಇಲ್ಲ, ಆದರೆ ನಮ್ಮ ಕೇಳುಗರು ಮೊದಲು ಯೋಚಿಸುವುದು ಹೊತ್ತನ್ನೇ. ಹೀಗಾಗಿ ನನ್ನ ಕಾರ್ಡಿನಲ್ಲಿ ನಾನು ಟ್ಯಾಗುಗಳನ್ನು ನಂಬದೆ ಪ್ರಹರಗಳ ಹೆಸರಿನಲ್ಲಿ ಫೋಲ್ಡರುಗಳನ್ನು ಮಾಡಿದ್ದೇನೆ. ನಸುಕಿಗೆ ಭೈರವ, ಬೆಳಗಿಗೆ ತೋಡಿ, ಮಧ್ಯಾಹ್ನಕ್ಕೆ ಸಾರಂಗ, ಇಳಿಹೊತ್ತಿಗೆ ಮುಲ್ತಾನಿ, ಸಂಜೆಗೆ ಪೂರಿಯಾ, ದೀಪ ಹಚ್ಚಿದ ಮೇಲೆ ಯಮನ್, ರಾತ್ರಿಗೆ ಬಾಗೇಶ್ರೀ ಮತ್ತು ದರಬಾರಿ. ಫೋಲ್ಡರ್ ತೆರೆದು ಹಾಡಿಸುವ ಪ್ಲೇಯರ್ ಇದಕ್ಕೆ ಒಪ್ಪುತ್ತದೆ. ಎಲ್ಲವನ್ನೂ ಒಂದೇ ರಾಶಿಯಾಗಿ ನೋಡಿ ಮನಬಂದಂತೆ ಕಲಸಿ ಕೊಡುವ ಯಂತ್ರ ಬೆಳಗಿನ ಆರಕ್ಕೆ ಮಾಲಕಂಸ್ ಹಾಡಿಸಿದರೆ ಕೇಳುವವನ ಮನಸ್ಸಿಗೆ ಆಗುವ ಕಸಿವಿಸಿಯನ್ನು ಈ ಭಾಗದವರಿಗೆ ವಿವರಿಸಬೇಕಾಗಿಲ್ಲ.

ಅಗ್ಗದ ಪ್ಲೇಯರುಗಳು ಫೈಲುಗಳನ್ನು ಹೆಸರಿನ ಅಕಾರಾದಿಯಲ್ಲಿ ಹಾಡಿಸುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕಾರ್ಡಿನ ಸೂಚಿಯಲ್ಲಿ ಫೈಲುಗಳು ಯಾವ ಸರದಿಯಲ್ಲಿ ದಾಖಲಾಗಿವೆಯೋ, ಅಂದರೆ ಬಹುಮಟ್ಟಿಗೆ ಯಾವ ಸರದಿಯಲ್ಲಿ ನಕಲು ಮಾಡಿದೆವೋ, ಅದೇ ಸರದಿಯಲ್ಲಿ ಅವು ಎಣಿಸುತ್ತ ಹೋಗುತ್ತವೆ. ಮಾಮಾನ ಹದಿನೇಳು ಹದಿನೇಳಾಗಿಯೇ ಉಳಿಯಬೇಕಾದರೆ ಕಾರ್ಡನ್ನು ಖಾಲಿ ಮಾಡಿಕೊಂಡು ಒಂದರ ನಂತರ ಒಂದನ್ನು ಕ್ರಮವಾಗಿ ತುಂಬಬೇಕು, ಹೊಸದನ್ನು ಯಾವಾಗಲೂ ಕೊನೆಗೆ ಸೇರಿಸಬೇಕು, ನಡುವಿನದನ್ನು ಅಳಿಸಬಾರದು. ಕನ್ನಡದಲ್ಲಿ ಬರೆದ ಹೆಸರುಗಳ ಪಾಡು ಇನ್ನೂ ಕಷ್ಟದ್ದು. ಅನೇಕ ಪ್ಲೇಯರುಗಳ ಪರದೆಯಲ್ಲಿ ಅವು ಖಾಲಿ ಚೌಕಗಳಾಗಿ ಕಾಣುತ್ತವೆ, ಇಲ್ಲವೇ ಒತ್ತಕ್ಷರಗಳು ಬಿಡಿಬಿಡಿಯಾಗಿ ಚೆಲ್ಲಿಕೊಂಡಿರುತ್ತವೆ. ಕನ್ನಡದ ಅಕ್ಷರವನ್ನು ಜೋಡಿಸಿ ತೋರಿಸುವುದು ಫೋನಿನಲ್ಲಿ ಎಂದೋ ಸಾಧ್ಯವಾಗಿದೆ. ಪ್ಲೇಯರ್ ಮಾಡುವವರೂ ಅಷ್ಟು ಕಾಳಜಿ ತೋರಿಸಬೇಕು ಎಂದು ನಾನು ಮನಃಪೂರ್ವಕವಾಗಿ ಬಯಸುತ್ತೇನೆ.

ಈಗ ಧ್ವನಿಯ ಮಾತು. ಸಿಡಿಯ ಮಟ್ಟದ ಧ್ವನಿ ಗಂಟೆಗೆ ಸುಮಾರು 635 ಎಂಬಿ ಬೇಡುತ್ತದೆ. 320 ಕಿಲೊಬಿಟ್ಟಿನ ಎಂಪಿ3ಗೆ 144 ಎಂಬಿ ಸಾಕು, 128 ಕಿಲೊಬಿಟ್ಟಿನದಕ್ಕೆ 58 ಎಂಬಿಯೂ ಬೇಡ. ಜಾಗ ದುಬಾರಿಯಾಗಿದ್ದ ಕಾಲದಲ್ಲಿ ಜನ 64 ಕಿಲೊಬಿಟ್ಟಿಗೂ ಇಳಿಸಿ ತುಂಬಿದರು. ಎಂಪಿ3 ವಿಧಾನ ಮನುಷ್ಯನ ಕಿವಿ ಗಮನಿಸದು ಎಂದು ಅಂದಾಜಿಸಿದ ಅಂಶಗಳನ್ನು ಕೈಬಿಟ್ಟು ಫೈಲನ್ನು ಚಿಕ್ಕದು ಮಾಡುತ್ತದೆ. ದರ ಇಳಿದಷ್ಟೂ ಕೈಬಿಡುವುದು ಹೆಚ್ಚು. ಅದರ ಮೊದಲ ಹೊಡೆತ ಬೀಳುವುದು ತಂಬೂರಿಗೆ. ತಂತಿಗಳನ್ನು ಹೊರುವ ತಂಬೂರಿಯ ಕುದುರೆಯ ಮೇಲೆ ತಂತಿಗೂ ಕುದುರೆಗೂ ನಡುವೆ ನೂಲಿನ ಎಳೆ ಇಟ್ಟು ಜವಾರಿ, ಅಂದರೆ ಝೇಂಕಾರ, ಕೂಡಿಸುವುದು ಯಾಕೆಂದರೆ, ಒಂದೇ ಮೀಟಿನಲ್ಲಿ ಮೇಲುಮೇಲಿನ ಸ್ವರಾಂಶಗಳು ಒಂದರ ಹಿಂದೊಂದು ಅರಳಬೇಕು. ಕಡಿಮೆ ದರದ ಎಂಪಿ3 ಆ ಮೇಲಿನ ಅಂಶಗಳನ್ನೇ ಕತ್ತರಿಸುತ್ತದೆ, ಉಳಿದದ್ದು ನೀರಿನೊಳಗಿಂದ ಬಂದಂತೆ ಅಲುಗಾಡುತ್ತದೆ. ಗಂಗೂಬಾಯಿಯವರು ನಿಧಾನವಾಗಿ ಸ್ವರ ಹಚ್ಚುವಾಗ ಅವರ ದನಿಗೆ ಹಿಂದಿನಿಂದ ಆಧಾರ ಕೊಡುವುದು ಆ ತಂಬೂರಿಯೇ. ಅದು ಕದಡಿದರೆ ಸ್ವರ ಸರಿಯಾಗಿದ್ದರೂ ನಿಂತ ನೆಲ ಅಲುಗಾಡಿದಂತೆ ಕೇಳಿಸುತ್ತದೆ.

ಹಿಗ್ಗಿಸಬಹುದಾದ ಜಾಗದ ನಿಜವಾದ ಉಪಕಾರ ನನಗೆ ಕಾಣುವುದು ಇಲ್ಲಿ. ಕಾರ್ಡ್ ದೊಡ್ಡದಾದಂತೆ ಹೆಚ್ಚು ಹಾಡು ತುಂಬಬಹುದು ಎಂದು ಎಲ್ಲರೂ ಹೇಳುತ್ತಾರೆ. ನಾನು ಅಷ್ಟೇ ಹಾಡುಗಳನ್ನು ಹೆಚ್ಚು ಪೂರ್ಣವಾಗಿ ತುಂಬಬಹುದು ಎನ್ನುತ್ತೇನೆ. 2001ರಲ್ಲಿ ಬಂದ ಫ್ಲ್ಯಾಕ್ ಎಂಬ ವಿಧಾನ ಧ್ವನಿಯ ಒಂದು ಕಣವನ್ನೂ ಬಿಡದೆ ಫೈಲನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. 128 ಜಿಬಿಯ ಕಾರ್ಡಿನಲ್ಲಿ ಸಿಡಿ ಮಟ್ಟದ ಧ್ವನಿ ಈ ರೀತಿಯಲ್ಲಿ ಮುನ್ನೂರು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಒಬ್ಬ ರಸಿಕನ ಇಡೀ ಕಪಾಟಿನ ಬಹುಭಾಗ ಅದರಲ್ಲಿ ಬಂತು. ಆ ಕಾರ್ಡಿನ ಅಳತೆ 15 ಮಿಲಿಮೀಟರ್ ಉದ್ದ, 11 ಅಗಲ, 1 ದಪ್ಪ. ನಿಧಾನದ ವಿಲಂಬಿತವನ್ನೂ ವೇಗದ ದ್ರುತವನ್ನೂ ಬೇರೆಬೇರೆ ಫೈಲು ಮಾಡಿದಾಗ ಎಂಪಿ3ಯಲ್ಲಿ ನಡುವೆ ಕಾಣಿಸಿಕೊಳ್ಳುವ ಸಣ್ಣ ಮೌನವೂ ಫ್ಲ್ಯಾಕ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ತಬಲಾದ ಠೇಕಾ ನಡೆಯುತ್ತಿರುವಾಗ ಒಂದು ಮಾತ್ರೆ, ಅಂದರೆ ತಾಳದ ಒಂದು ಎಣಿಕೆ, ಕಾಣೆಯಾದರೆ ತಾಳ ಹಾಕುತ್ತಿರುವ ಕೈ ಎಡವುತ್ತದೆ, ಆದ್ದರಿಂದ ಇದು ಸಣ್ಣ ಸಂಗತಿಯಲ್ಲ. ಸ್ಪೀಕರ್ ಪ್ಲೇಯರುಗಳಲ್ಲಿ ಅನೇಕವು ಫ್ಲ್ಯಾಕ್ ಓದುವುದಿಲ್ಲ, ಮಾಮಾನದೂ ಓದುವುದಿಲ್ಲ. ಅವನಿಗೆ 320ರ ಎಂಪಿ3, ನನಗೆ ಫ್ಲ್ಯಾಕ್, ಮನೆಯ ಹಾರ್ಡ್ ಡಿಸ್ಕಿನಲ್ಲಿ ಇಳಿಸಿದಾಗಿನ ಮೂಲ.

ನಾನು ಬಹುಕಾಲ ಬಳಸಿದ್ದು ಸ್ಯಾನ್‌ಡಿಸ್ಕ್‌ನವರು 2009ರಲ್ಲಿ ತಂದ ಕ್ಲಿಪ್ ಪ್ಲಸ್ ಎಂಬ ಪುಟ್ಟ ಪ್ಲೇಯರನ್ನು. ಬೆಂಕಿಪೆಟ್ಟಿಗೆಯಷ್ಟೇ ಇದ್ದ ಅದನ್ನು ಅಂಗಿಯ ಅಂಚಿಗೆ ಸಿಕ್ಕಿಸಿಕೊಂಡು ಹುಬ್ಬಳ್ಳಿಯಿಂದ ಗದಗಿನ ರೈಲು ಹತ್ತಿದರೆ ಅಣ್ಣಿಗೇರಿಯ ಹೊತ್ತಿಗೆ ವಿಲಂಬಿತ ಮುಗಿದು ದ್ರುತ ಹತ್ತಿರವಾಗುತ್ತಿತ್ತು. ಅದರಲ್ಲಿ ರಾಕ್‌ಬಾಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಹಾಕಿಕೊಂಡಿದ್ದೆ. ಆಸಕ್ತ ತಂತ್ರಜ್ಞರು 2001ರಿಂದ ಸ್ವಂತ ಇಚ್ಛೆಯಿಂದ ಬೆಳೆಸಿದ ತಂತ್ರಾಂಶ ಅದು. ಫೈಲಿನ ಯಾವ ಕ್ಷಣದಲ್ಲಿ ನಿಲ್ಲಿಸಿದ್ದೇವೋ ಅಲ್ಲಿಗೇ ಗುರುತಿಟ್ಟುಕೊಂಡು ಮರಳಿ ಅಲ್ಲಿಂದಲೇ ಹಾಡಿಸುತ್ತದೆ. ಒಂದು ಗಂಟೆಯ ರಾಗವನ್ನು ಪ್ರತಿಸಲ ಮೊದಲಿನಿಂದ ಶುರುಮಾಡುವ ಯಂತ್ರಗಳಲ್ಲಿ ಜನ ಆಲಾಪವನ್ನೇ ಮತ್ತೆಮತ್ತೆ ಕೇಳಿ ಕೊನೆಯ ತರಾನಾವನ್ನು ಕೇಳದೆಯೇ ಉಳಿಯುತ್ತಾರೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಗುಣ ರಾಕ್‌ಬಾಕ್ಸಿಗಿದೆ: ಮೆನುಗಳನ್ನೂ ಫೈಲುಗಳ ಹೆಸರನ್ನೂ ಅದು ದನಿಯಲ್ಲಿ ಹೇಳಬಲ್ಲದು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಸಂಗೀತ ಕಲಿಸಿ ನಿಲ್ಲಿಸಿದ ಪರಂಪರೆಯನ್ನು ಬಲ್ಲ ನಮಗೆ, ಗುರುವಿನ ಪಾಠವನ್ನು ಮತ್ತೆಮತ್ತೆ ಕೇಳಬೇಕಾದ ಅಂಧ ವಿದ್ಯಾರ್ಥಿಗೆ ಬೆರಳಿಗೆ ಸಿಗುವ ಗುಂಡಿ ಮತ್ತು ಕಿವಿಗೆ ಸಿಗುವ ಮೆನು ಎಂಥ ಸ್ವಾತಂತ್ರ್ಯ ಎಂಬುದು ಸುಲಭವಾಗಿ ತಿಳಿಯುತ್ತದೆ. ನುಣುಪಾದ ಗಾಜಿನ ಪರದೆಗಳು ಬಂದ ಮೇಲೆ ಪ್ಲೇಯರುಗಳಲ್ಲಿ ನಿಜವಾದ ಗುಂಡಿಗಳು ಕಡಿಮೆಯಾದದ್ದು ನನಗೆ ಬಹಳ ಬೇಸರದ ಸಂಗತಿ.

ಕಾರ್ಡಿನ ಬಗೆಗಳನ್ನು ತಿಳಿದುಕೊಳ್ಳದೆ ತೊಂದರೆಪಟ್ಟವರನ್ನು ತುಂಬ ನೋಡಿದ್ದೇನೆ, ಆದ್ದರಿಂದ ಅದನ್ನೂ ಬರೆಯುತ್ತೇನೆ. 2 ಜಿಬಿಯವರೆಗಿನದು ಎಸ್‌ಡಿ, 32 ಜಿಬಿಯವರೆಗಿನದು ಎಸ್‌ಡಿಎಚ್‌ಸಿ, ಅದರಿಂದ ಮೇಲೆ 2 ಟಿಬಿಯವರೆಗಿನದು ಎಸ್‌ಡಿಎಕ್ಸ್‌ಸಿ. ಮೂರಕ್ಕೂ ಆಕಾರ ಒಂದೇ. 32 ಜಿಬಿಯವರೆಗಿನ ಎಸ್‌ಡಿಎಚ್‌ಸಿ ಕಾರ್ಡುಗಳು ಫೈಲುಗಳನ್ನು ಜೋಡಿಸಿಡುವ ಫ್ಯಾಟ್32 ಎಂಬ ಕ್ರಮದಲ್ಲಿ ಸಿದ್ಧವಾಗಿ ಬರುತ್ತವೆ, 64 ಜಿಬಿ ಮತ್ತು ಮೇಲಿನವು ಎಕ್ಸ್‌ಫ್ಯಾಟ್ ಎಂಬ ಕ್ರಮದಲ್ಲಿ. ಅಗ್ಗದ ಪ್ಲೇಯರಿಗೆ ಎಕ್ಸ್‌ಫ್ಯಾಟ್ ಓದಲು ಬಾರದಿದ್ದರೆ ದೊಡ್ಡ ಕಾರ್ಡ್ ಹಾಕಿದಾಗ ಸುಮ್ಮನೆ ಕೂಡುತ್ತದೆ. ಕಂಪ್ಯೂಟರಿನಲ್ಲಿ ಅದನ್ನು ಫ್ಯಾಟ್32ಕ್ಕೆ ಮರುಫಾರ್ಮ್ಯಾಟ್ ಮಾಡಿದರೆ ಎಷ್ಟೋ ಸಲ ಓದುತ್ತದೆ. ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ, ಅಂದರೆ ಸಿಡಿ ಮಟ್ಟದ, ಕುಗ್ಗಿಸದ ವೇವ್ ಫೈಲು ಆರೂಮುಕ್ಕಾಲು ಗಂಟೆಗೆ ತುಂಡಾಗಬೇಕು. ಅಹೋರಾತ್ರಿ ಭಜನೆಯನ್ನು ರೆಕಾರ್ಡ್ ಮಾಡುವವರು ಇದನ್ನು ನೆನಪಿಡಬೇಕು, ಏಕೆಂದರೆ ಬೆಳಗಿನ ಜಾವದ ತತ್ವಪದಗಳೇ ಕೈತಪ್ಪಿಹೋದಾವು. ಬೀದಿಬದಿಯಲ್ಲಿ ಅರ್ಧ ಬೆಲೆಗೆ ಸಿಗುವ ಕಾರ್ಡುಗಳಲ್ಲಿ ಕೆಲವು 8 ಜಿಬಿ ಜಾಗಕ್ಕೆ 128 ಎಂದು ಸುಳ್ಳು ಹೇಳುವಂತೆ ತಿದ್ದಿದವು. ತುಂಬುವಾಗ ಎಲ್ಲವೂ ಸರಿಯಾಗಿ ಕಾಣುತ್ತದೆ, ಹಾಡಿಸಹೋದಾಗ ಮೊದಲ ಕೆಲವು ಬಿಟ್ಟು ಉಳಿದವು ತೆರೆಯುವುದಿಲ್ಲ. ಕಾರ್ಡನ್ನು ಪೂರ್ತಿ ತುಂಬಿಸಿ ಮರಳಿ ಓದಿ ನೋಡುವ ಉಚಿತ ಪರೀಕ್ಷಾ ತಂತ್ರಾಂಶಗಳಿವೆ. ಹೊಸ ಕಾರ್ಡಿಗೆ ಆ ಪರೀಕ್ಷೆ ಮಾಡದೆ ಒಂದು ಹಾಡನ್ನೂ ನಾನು ಹಾಕುವುದಿಲ್ಲ.

ಒಳ್ಳೆಯ ಕಾರ್ಡೂ ಶಾಶ್ವತವಲ್ಲ. ಅದರೊಳಗಿನ ಕೋಶಗಳಲ್ಲಿ ಹಾಡು ಉಳಿಯುವುದು ವಿದ್ಯುದಾವೇಶದ ರೂಪದಲ್ಲಿ. ಓದುವುದರಿಂದ ಕೋಶ ಹೆಚ್ಚು ಸವೆಯುವುದಿಲ್ಲ, ಬರೆದು ಅಳಿಸುವುದರಿಂದ ಸವೆಯುತ್ತದೆ. ಬಳಸದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟರೆ, ಅದರಲ್ಲೂ ಸೆಕೆಯಲ್ಲಿ, ಆವೇಶ ಮೆಲ್ಲಗೆ ಸೋರುತ್ತದೆ. ನಮ್ಮ ಹಿರಿಯರು ನೆಲದೊಳಗಿನ ಹಗೇವಿನಲ್ಲಿ ಜೋಳ ಹಾಕಿ ಮುಚ್ಚಿಟ್ಟರೂ ಅದನ್ನು ಮರೆತುಬಿಡುತ್ತಿರಲಿಲ್ಲ, ಕಾಲಕಾಲಕ್ಕೆ ತೆಗೆದು ಬಿಸಿಲಿಗೆ ಹರವಿ ಹೊಸದರೊಂದಿಗೆ ಬದಲಿಸುತ್ತಿದ್ದರು. ಕಾರ್ಡಿನ ಸಂಗ್ರಹಕ್ಕೂ ಅಂಥ ನಿಗಾ ಬೇಕು. ಕ್ಯಾಸೆಟ್ಟನ್ನು ಇಳಿಸಿಯಾಯಿತು, ಇನ್ನು ಅದನ್ನು ಎಸೆಯಬಹುದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಟೇಪು ಹಳತಾದರೂ ಗದ್ದಲದ ನಡುವೆ ದನಿ ಕೇಳುತ್ತದೆ, ಕಾರ್ಡ್ ಕೆಟ್ಟರೆ ಒಂದೇ ದಿನದಲ್ಲಿ ಪೂರ್ತಿ ಮೌನವಾಗುತ್ತದೆ.

ಈ ಕಾರ್ಡುಗಳು ನಮ್ಮ ಹಳ್ಳಿಗಳಿಗೆ ಬಂದದ್ದು ಮಾತ್ರ ರಾಗಸಂಗೀತದ ಜೊತೆಗಲ್ಲ. ಕೀಲಿಗುಂಡಿಯ ಫೋನುಗಳಲ್ಲಿ ಸ್ಲಾಟ್ ಬಂದ ಮೇಲೆ ಹುಬ್ಬಳ್ಳಿಯ ದುರ್ಗದ ಬೈಲಿನಿಂದ ಹಾವೇರಿಯ ಬಸ್ ನಿಲ್ದಾಣದ ಸುತ್ತಲಿನವರೆಗೆ ಮೊಬೈಲ್ ಅಂಗಡಿಗಳಲ್ಲಿ "ಚಿಪ್ ತುಂಬಿಸಿ ಕೊಡುವ" ವ್ಯಾಪಾರ ಭರಾಟೆಯಿಂದ ನಡೆಯಿತು. ಕಂಪ್ಯೂಟರಿನ ಮುಂದೆ ಕುಳಿತ ಹುಡುಗ "ಭಕ್ತಿಗೀತೆ ಹಾಕ್ಲ್ಯೋ, ಜಾನಪದ ಹಾಕ್ಲ್ಯೋ, ಅಣ್ಣಾರ?" ಎಂದು ಕೇಳಿ ಫೋಲ್ಡರುಗಳನ್ನು ಎಳೆದು ಹಾಕುತ್ತಿದ್ದ. ಹೊಲದಲ್ಲಿ ಟ್ರ್ಯಾಕ್ಟರಿನ ಮೇಲೆ, ಮೆಣಸಿನಕಾಯಿ ಆರಿಸುವ ಕಣದಲ್ಲಿ, ಕಿರಾಣಿ ಅಂಗಡಿಯ ಗಲ್ಲೆಯ ಪಕ್ಕದಲ್ಲಿ ಶಿಶುನಾಳ ಶರೀಫರ ತತ್ವಪದಗಳೂ ಡೊಳ್ಳಿನ ಪದಗಳೂ ಇಡೀ ದಿನ ಕೇಳಿಸತೊಡಗಿದವು. ನೆಟ್‌ವರ್ಕ್ ಇಲ್ಲದ ಕಡೆಯಲ್ಲೂ ಜನ ತಮ್ಮ ಹಾಡನ್ನು ತಾವೇ ಆರಿಸಿ ಕೇಳುವಂತಾದದ್ದು ಸಣ್ಣ ಲಾಭವಲ್ಲ. ಆದರೆ ಅಂಗಡಿಯವರು ಹಣ ಪಡೆದು ಮಾಡಿಕೊಟ್ಟ ಆ ನಕಲುಗಳಿಂದ ಹಾಡಿದವರಿಗೆ ಏನೂ ಸಿಗಲಿಲ್ಲ ಎಂಬುದನ್ನು ಮರೆಯಬಾರದು. ಕ್ಯಾಸೆಟ್ಟಿನ ಮಾರಾಟವನ್ನೇ ನಂಬಿದ್ದ ಜಾನಪದ ಮೇಳಗಳಿಗೆ ಆ ದಾರಿ ಮುಚ್ಚಿತು. 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಆದ್ದರಿಂದ 78 ಸುತ್ತಿನ ಹಳೆಯ ತಟ್ಟೆಗಳ ಮಾತು ಬೇರೆ, ನಿನ್ನೆ ಮೊನ್ನೆ ಹಾಡಿದವರ ಮಾತು ಬೇರೆ. ಮಾಮಾನ ಕಪಾಟಿನದು ಮನೆಯವರು ಕೇಳಲು ಮಾತ್ರ. ಯಾರಾದರೂ ಬಂದು ಕೂತು ಕೇಳುತ್ತೇವೆಂದರೆ ಅವನು ಚಹಾ ಮಾಡಿಸಿ ಕೇಳಿಸುತ್ತಾನೆ, ನಕಲು ಮಾಡಿ ಮಾರಲು ಬಿಡುವುದಿಲ್ಲ. ಅದು ಸರಿಯಾದ ನಡೆ ಎಂದೇ ನನ್ನ ಭಾವನೆ.

ಈಗ ಸ್ಲಾಟ್ ಹುಡುಕುವುದೇ ಕಷ್ಟವಾಗುತ್ತಿದೆ. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್ ಸಾಲಿನ ಫೋನುಗಳಲ್ಲಿ 2015ರಲ್ಲಿ ಅದು ಮಾಯವಾಗಿ, ಮರುವರ್ಷ ಮರಳಿ ಬಂದು, 2021ರಲ್ಲಿ ಮತ್ತೆ ಹೋಯಿತು. ಹಾಡು ಕೇಳಲೆಂದೇ ಮಾಡಿದ ಪ್ಲೇಯರುಗಳಲ್ಲಿ ಮಾತ್ರ ಅದು ಗೌರವದಿಂದ ಉಳಿದಿದೆ. 2012ರಲ್ಲಿ ಬಂದ ಆಸ್ಟೆಲ್ ಅಂಡ್ ಕರ್ನ್ ಎಕೆ100ರಲ್ಲಿ ಎರಡು ಸ್ಲಾಟ್‌ಗಳಿದ್ದವು. ಫೀಯೊ, ಸೋನಿ ಕಂಪನಿಗಳ ಪ್ಲೇಯರುಗಳಲ್ಲೂ ಮೈಕ್ರೊಎಸ್‌ಡಿ ಹಾಕುವ ಅನುಕೂಲ ಸಿಗುತ್ತದೆ. ಅವುಗಳ ಬೆಲೆ ಹೆಚ್ಚು. ಹತ್ತು ಸಾವಿರ ರೂಪಾಯಿಯ ಪ್ಲೇಯರನ್ನೇ ಕೊಳ್ಳಬೇಕೆಂದು ನಾನು ಯಾರಿಗೂ ಹೇಳುವುದಿಲ್ಲ. ಸಂತೆಯ ಸ್ಪೀಕರ್ ಪ್ಲೇಯರಿಗೆ ಒಳ್ಳೆಯ ಕಾರ್ಡ್ ಹಾಕಿ, 320ರ ದರದಲ್ಲಿ ತುಂಬಿ, ಒಂದು ನೋಟ್‌ಬುಕ್ ಜೊತೆಗಿಟ್ಟುಕೊಂಡರೆ ಮನೆಯ ಹಿರಿಯರಿಗೆ ಬೇಕಾದದ್ದು ಬಹುಮಟ್ಟಿಗೆ ಸಿಕ್ಕಂತೆ. ಸ್ಲಾಟ್ ಇಲ್ಲದ ಫೋನು ಇರುವವರು ಅದಕ್ಕೆ ಸಣ್ಣ ಕಾರ್ಡ್ ರೀಡರ್ ಚುಚ್ಚಿ ಕೇಳಬಹುದು, ಬಾಲದಂತೆ ಜೋತಾಡುವುದನ್ನು ಸಹಿಸಿಕೊಂಡರಾಯಿತು.

ಮಾಮಾನ ಮೊದಲ ಕಾರ್ಡ್ ತುಂಬಲು ಬಂದಿದೆ. ಎರಡನೆಯದನ್ನು ಪರೀಕ್ಷಿಸಿ ಇಟ್ಟಿದ್ದೇನೆ, ಎರಡಕ್ಕೂ ಒಂದೊಂದು ನಕಲು ಧಾರವಾಡದ ಮನೆಯಲ್ಲಿ ಇರುತ್ತದೆ, ನೋಟ್‌ಬುಕ್ಕಿನ ಪುಟಗಳ ಫೋಟೊಗಳೂ ಅಲ್ಲಿನ ಹಾರ್ಡ್ ಡಿಸ್ಕಿನಲ್ಲಿವೆ. ಹೊಸ ಕಾರ್ಡಿನಲ್ಲಿ ಸಂಖ್ಯೆ ಮತ್ತೆ ಒಂದರಿಂದ ಶುರುವಾಗುವುದು ಅವನಿಗೆ ಒಪ್ಪಿಗೆಯಿಲ್ಲ, ಹಳೆಯ ಸಂಖ್ಯೆಗಳೇ ಮುಂದುವರಿಯಬೇಕಂತೆ. ಪ್ಲೇಯರ್ ಅದನ್ನು ಒಪ್ಪುವುದಿಲ್ಲವಾದ್ದರಿಂದ ನೋಟ್‌ಬುಕ್ಕಿನಲ್ಲಿ ಎರಡನೆಯ ಕಾರ್ಡಿಗೆ ಕೆಂಪು ಶಾಯಿ ಎಂದು ಇಬ್ಬರೂ ಒಪ್ಪಿಕೊಂಡಿದ್ದೇವೆ. ಬಸವರಾಜ ರಾಜಗುರುಗಳ ಕ್ಯಾಸೆಟ್ಟುಗಳು ಇನ್ನೂ ಇಳಿಸುವುದಿವೆ, ದೀಪಾವಳಿಯ ರಜೆಗೆ ಅವುಗಳಿಂದಲೇ ಶುರುಮಾಡಬೇಕು.